ಹೈಸ್ಕೂಲು ಯಾರನ್ನು ತನ್ನವರೆನ್ನಬೇಕು?

ಊರಿನ ಹೈಸ್ಕೂಲಿಗೆ ನೂರು ತುಂಬಿತೆಂದರೆ ಮುಂದೆ ಏನೇನು ನಡೆಯುತ್ತದೆಂಬುದು ನಮಗೆಲ್ಲ ಗೊತ್ತಿರುವುದೇ. ಮಲಗಿದ್ದ ಹಳೆಯ ವಿದ್ಯಾರ್ಥಿಗಳ ಸಂಘ ಎದ್ದು ಕೂರುತ್ತದೆ, ಸ್ಮರಣ ಸಂಚಿಕೆಯ ಜಾಹೀರಾತಿಗಾಗಿ ಅಂಗಡಿ ಅಂಗಡಿ ತಿರುಗುವುದಾಗುತ್ತದೆ, ಆಟದ ಮೈದಾನದಲ್ಲಿ ಶಾಮಿಯಾನ ಏಳುತ್ತದೆ. ವೇದಿಕೆಯ ಮೇಲೆ ನಿವೃತ್ತ ನ್ಯಾಯಮೂರ್ತಿ, ಹಿರಿಯ ಐಎಎಸ್ ಅಧಿಕಾರಿ, ಅಮೆರಿಕದಿಂದ ರಜೆಗೆ ಬಂದ ಡಾಕ್ಟರು ಸಾಲಾಗಿ ಕೂತಿರುತ್ತಾರೆ. ಒಬ್ಬೊಬ್ಬರ ತಲೆಗೂ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಾರ, ಕೈಗೆ ಹಣ್ಣಿನ ಬುಟ್ಟಿ ಮತ್ತು ಒಂದು ಸ್ಮರಣಿಕೆ. ಸನ್ಮಾನ ಮುಗಿದ ಮೇಲೂ ಉಳಿಯುವುದು ಹೆಡ್‌ಮಾಸ್ಟರ ಕೋಣೆಯ ಕಪ್ಪು ಹಲಗೆ. ಅದರಲ್ಲಿ ಹಳದಿ ಬಣ್ಣದಲ್ಲಿ ಇಸವಿ, ಹೆಸರು, ಬಂದ ಅಂಕ ಅಥವಾ ಏರಿದ ಹುದ್ದೆ ಇರುತ್ತವೆ. ಈ ಪದ್ಧತಿಯನ್ನು ಆಡಿಕೊಳ್ಳುವುದು ಸುಲಭ, ಅದು ನನ್ನ ಉದ್ದೇಶವಲ್ಲ. ಆದರೆ ಕರ್ನಾಟಕದ ಹಳೆಯ ಹೈಸ್ಕೂಲುಗಳ ಚರಿತ್ರೆಯನ್ನು ನೋಡಿದರೆ ಈ ಹಲಗೆ ಲೆಕ್ಕವನ್ನು ತಪ್ಪು ಕಡೆಯಿಂದ ಬರೆಯುತ್ತಿದೆ ಎಂದೇ ಹೇಳಬೇಕಾಗುತ್ತದೆ. ಮುಂದೆ ಬೇರೆ ಬೇರೆ ಸಂಸ್ಥೆಗಳು ಕೊಟ್ಟ ಕೀರ್ತಿಯನ್ನು ಅದು ಶಾಲೆಯ ಖಾತೆಗೆ ಜಮಾ ಮಾಡುತ್ತದೆ, ಶಾಲೆಯೇ ಮಾಡಿದ ಕೆಲಸಕ್ಕೆ ಅಲ್ಲಿ ಜಾಗವಿಲ್ಲ.

ಮೊದಲಿನಿಂದಲೂ ಹೀಗೆಯೇ ಇತ್ತೆಂದು ತಿಳಿಯಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹೈಸ್ಕೂಲುಗಳು ಹುಟ್ಟಿದಾಗ ಗೌರವ ಸಲ್ಲುತ್ತಿದ್ದುದು ಕೊಟ್ಟವರಿಗೆ ಮತ್ತು ಕಲಿಸಿದವರಿಗೆ. ಮೈಸೂರಿನಲ್ಲಿ 1876ರಲ್ಲಿ ಆರಂಭವಾದ ಮರಿಮಲ್ಲಪ್ಪ ಹೈಸ್ಕೂಲು ಇಂದಿಗೂ ಹೊತ್ತಿರುವುದು ವಿದ್ಯೆಗೆಂದು ಆಸ್ತಿ ಬಿಟ್ಟುಹೋದ ಗುರಿಕಾರ್ ಮರಿಮಲ್ಲಪ್ಪನವರ ಹೆಸರನ್ನು. ಆ ಶಾಲೆಯ ಹೆಡ್‌ಮಾಸ್ಟರಾಗಿದ್ದ ಎಂ. ವೆಂಕಟಕೃಷ್ಣಯ್ಯನವರನ್ನು ಊರಿಗೆ ಊರೇ ತಾತಯ್ಯ ಎಂದು ಕರೆಯಿತು. ಅವರು ಪತ್ರಿಕೆ ನಡೆಸಿದರು, ಅನಾಥಾಲಯ ಕಟ್ಟಿದರು, ಸರ್ಕಾರವನ್ನು ಟೀಕಿಸಿದರು. 1933ರಲ್ಲಿ ತೀರಿಕೊಂಡ ಈ ಮೇಷ್ಟರಿಗೆ ಮೈಸೂರಿನಲ್ಲಿ ಪ್ರತಿಮೆಯಿದೆ. ಅರಮನೆಯ ಊರಿನಲ್ಲಿ, ಮಹಾರಾಜರ ಪ್ರತಿಮೆಗಳ ನೆರೆಯಲ್ಲಿ ಒಬ್ಬ ಹೆಡ್‌ಮಾಸ್ಟರು ನಿಂತಿರುವುದು ಸಣ್ಣ ಮಾತಲ್ಲ. ಮಂಗಳೂರಿನಲ್ಲಿ ವಕೀಲರಾಗಿದ್ದ ಅಮ್ಮೆಂಬಳ ಸುಬ್ಬರಾವ್ ಪೈಯವರು 1891ರಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ಅವರು ಬ್ಯಾಂಕು ತೆರೆದದ್ದು ಆ ಮೇಲೆ, 1906ರಲ್ಲಿ. ಶಾಲೆ ಮೊದಲು, ಬ್ಯಾಂಕು ಹದಿನೈದು ವರ್ಷಗಳ ನಂತರ ಎಂಬ ಈ ಅನುಕ್ರಮವೇ ಆ ತಲೆಮಾರಿನವರ ಮನಸ್ಸನ್ನು ತೋರಿಸುತ್ತದೆ. ಅಂದಿನ ಊರುಗಳಿಗೆ ಹೊಗಳಲು ಹಳೆಯ ವಿದ್ಯಾರ್ಥಿಗಳೇ ಇನ್ನೂ ಇರಲಿಲ್ಲವಲ್ಲ ಎನ್ನಬಹುದು, ನಿಜ. ಆದರೆ ಹಳೆಯ ವಿದ್ಯಾರ್ಥಿಗಳು ಬೆಳೆದು ದೊಡ್ಡವರಾದ ಮೇಲೆ ದಾನಿ ಕಲ್ಲಿನ ಮೇಲಿನ ಹೆಸರಾಗಿ ಉಳಿದ, ಮೇಷ್ಟರು ಅಷ್ಟೂ ಉಳಿಯಲಿಲ್ಲ.

ಹಲಗೆಗೆ ಮೊದಲು ಏರಿದ್ದು ರ್‍ಯಾಂಕು. ಮೆಟ್ರಿಕ್ಯುಲೇಶನ್ ಪಾಸಾದವನಿಗೆ ಕಚೇರಿಯ ಬಾಗಿಲು ತೆರೆಯುತ್ತಿದ್ದ ಕಾಲ ಅದು, ಪರೀಕ್ಷೆಯ ಫಲಿತಾಂಶವೇ ಶಾಲೆಯ ಮಾನ. ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗ ರಾಯರು ಇಡೀ ಮದ್ರಾಸ್ ಪ್ರಾಂತ್ಯಕ್ಕೇ ಮೊದಲಿಗರಾಗಿ ಹೊರಬಂದರು. ಮುಂದೆ ಅವರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್, ಐಸಿಎಸ್ ಎಂದು ಸಾಗಿ ಸಂವಿಧಾನ ಸಭೆಯ ಸಂವಿಧಾನ ಸಲಹೆಗಾರರಾದರು. 1947ರ ಅಕ್ಟೋಬರಿನಲ್ಲಿ ಸಿದ್ಧವಾದ ಸಂವಿಧಾನದ ಮೊದಲ ಕರಡು ಅವರದು. ಕೊನೆಯಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದಾಗಲೇ, 1953ರಲ್ಲಿ, ತೀರಿಕೊಂಡರು. ಇದರಲ್ಲಿ ಹೈಸ್ಕೂಲಿನ ಪಾಲು ಎಷ್ಟು? ಪ್ರಾಂತ್ಯಕ್ಕೆ ಮೊದಲಿಗರಾದದ್ದರಲ್ಲಿ ಶಾಲೆಗೆ ಪಾಲಿದೆ, ಅದನ್ನು ಎದೆತಟ್ಟಿ ಹೇಳಿಕೊಳ್ಳಬಹುದು. ಹೇಗ್‌ನ ಪೀಠವನ್ನೂ ತನ್ನದೆಂದರೆ ಕೇಂಬ್ರಿಜ್ ನಕ್ಕೀತು. ಎ.ಕೆ. ರಾಮಾನುಜನ್ ಓದಿದ್ದು ಮರಿಮಲ್ಲಪ್ಪದಲ್ಲಿ, ಸಿ.ಎನ್.ಆರ್. ರಾಯರು ಬೆಂಗಳೂರಿನ ಆಚಾರ್ಯ ಪಾಠಶಾಲೆಯಲ್ಲಿ, ಅನಿಲ್ ಕುಂಬ್ಳೆ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ. ಈ ಹೆಸರುಗಳನ್ನು ಹೇಳಿಕೊಳ್ಳಬಾರದೆಂದು ಯಾರೂ ಅನ್ನುವುದಿಲ್ಲ. ಆದರೆ 1999ರಲ್ಲಿ ದೆಹಲಿಯ ಒಂದೇ ಇನ್ನಿಂಗ್ಸಿನಲ್ಲಿ ಬಿದ್ದ ಆ ಹತ್ತು ವಿಕೆಟ್ಟುಗಳಲ್ಲಿ ಶಾಲೆಯ ಪಾಲೆಷ್ಟು, ಬೆಂಗಳೂರಿನ ಕ್ಲಬ್ ಕ್ರಿಕೆಟ್ಟಿನ ಪಾಲೆಷ್ಟು ಎಂದು ಕೇಳಿದರೆ ಹಲಗೆಯ ಬಳಿ ಉತ್ತರವಿಲ್ಲ.

ಅದೇ ನ್ಯಾಷನಲ್ ಹೈಸ್ಕೂಲಿನ ಇನ್ನೊಬ್ಬ ವಿದ್ಯಾರ್ಥಿಯ ವಿಷಯದಲ್ಲಿ ಮಾತ್ರ ಉತ್ತರ ಸ್ಪಷ್ಟವಾಗಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ನರಸಿಂಹಯ್ಯ, ಅಲ್ಲಿ ಮುಂದಕ್ಕೆ ಓದಲು ಹೈಸ್ಕೂಲಿಲ್ಲದ ಕಾರಣ, 1935ರಲ್ಲಿ ಬೆಂಗಳೂರಿಗೆ ನಡೆದುಕೊಂಡೇ ಬಂದ. 1917ರಲ್ಲಿ, ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಗಾಳಿಯಲ್ಲಿ ಹುಟ್ಟಿದ್ದ ಶಾಲೆ ಅವನನ್ನು ಸೇರಿಸಿಕೊಂಡಿತು. ಮರುವರ್ಷ ಗಾಂಧೀಜಿ ಶಾಲೆಗೆ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಬೇಕಿದ್ದವರು ಹೆಡ್‌ಮಾಸ್ಟರಾಗಿದ್ದ ಸಂಪದ್ಗಿರಿ ರಾಯರು. ಅವರ ಗಂಟಲು ಕೈಕೊಟ್ಟದ್ದರಿಂದ ಆ ಕೆಲಸ ನರಸಿಂಹಯ್ಯನ ಪಾಲಿಗೆ ಬಂತು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಬಂದಿರುವವರು ಗಾಂಧಿ, ಊರಿನ ಗಣ್ಯರೆಲ್ಲ ಸೇರಿದ್ದಾರೆ, ಹಿಂದಿ ಬಲ್ಲ ದೊಡ್ಡವರು ಆ ಬೆಂಗಳೂರಿನಲ್ಲಿ ಇರಲಿಲ್ಲವೆಂದಲ್ಲ. ಆದರೂ ಹಳ್ಳಿಯಿಂದ ಬಂದು ಒಂದೆರಡು ವರ್ಷವಾಗಿದ್ದ ಹುಡುಗನನ್ನು ಮುಂದೆ ನಿಲ್ಲಿಸಲು ಶಾಲೆಗೆ ಧೈರ್ಯವಿತ್ತು. ಹೈಸ್ಕೂಲು ಮಾಡಬಹುದಾದ ಕೆಲಸವೆಂದರೆ ಇದು. ನರಸಿಂಹಯ್ಯನವರು ಮುಂದೆ 1942ರ ಚಳವಳಿಯಲ್ಲಿ ಜೈಲಿಗೆ ಹೋದರು, ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದರು, ಅಮೆರಿಕದ ಓಹಾಯೊದಲ್ಲಿ ಡಾಕ್ಟರೇಟ್ ಪಡೆದು ಅದೇ ಕಾಲೇಜಿಗೆ ಮರಳಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಪದ್ಮಭೂಷಣರಾದರು. ಹಲಗೆಗೆ ಬೇಕಾದದ್ದು ಈ ಕೊನೆಯ ಎರಡು ಸಂಗತಿ. ನನಗೆ ಮುಖ್ಯವೆನಿಸುವುದು, ತಾವು ಬಿಟ್ಟು ನಡೆದ ಹೊಸೂರಿನಲ್ಲಿಯೂ ಅವರು ಹೈಸ್ಕೂಲು ತೆರೆಸಿದ್ದು ಮತ್ತು ಕುಲಪತಿಯಾದ ಮೇಲೂ ವಿದ್ಯಾರ್ಥಿ ನಿಲಯದ ಕೋಣೆಯನ್ನು ಬಿಡದಿದ್ದದ್ದು. ಶಾಲೆಯ ಋಣವನ್ನು ಇನ್ನೊಂದು ಶಾಲೆಯಾಗಿ ತೀರಿಸಿದವರನ್ನು ಅಳೆಯುವ ಅಂಕಣ ಹಲಗೆಯಲ್ಲಿ ಎಲ್ಲಿದೆ?

ಇನ್ನು ಹಲಗೆಗೆ ಕಾಣದೇ ಹೋದವರ ವಿಚಾರ. ಹಲಗೆಯಲ್ಲಿ ಹೆಸರು ಬರಬೇಕಾದರೆ ಮೊದಲು ಒಳಗೆ ಕೂರಲು ಬಿಡಬೇಕಲ್ಲ. ಕೆನರಾ ಹೈಸ್ಕೂಲು ಹುಟ್ಟಿದ ಮರುವರ್ಷ, 1892ರಲ್ಲಿ, ಅದೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಬೇರೆಯೇ ಶಾಲೆ ತೆರೆಯಬೇಕಾಯಿತು, ಏಕೆಂದರೆ ಊರಿನ ಶಾಲೆಗಳಲ್ಲಿ ಅವರಿಗೆ ಜಾಗವಿರಲಿಲ್ಲ. ರಂಗರಾಯರು ಸ್ವತಃ ಸಾರಸ್ವತ ಬ್ರಾಹ್ಮಣರು, ಆ ಕೆಲಸಕ್ಕಾಗಿ ಸ್ವಜಾತಿಯವರ ಬಹಿಷ್ಕಾರವನ್ನು ತಿಂದವರು. ಓದಿ ನೌಕರಿ ಹಿಡಿದ ದಲಿತನೊಬ್ಬ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಯ ಮೇಲೆ ಬಿದ್ದರೆ ಸಾಕು ಎಂಬುದು ಅವರ ಆಸೆಯಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಶಾಲೆಗಳನ್ನು ಅಸ್ಪೃಶ್ಯರಿಗೂ ತೆರೆಯುವ ಆದೇಶ ಬಂದದ್ದು 1915ರಲ್ಲಿ, ಅದಕ್ಕೂ ಪ್ರತಿಭಟನೆ ಎದ್ದಿತು. ಅಂದರೆ ಮೊದಲ ಮೂರು ನಾಲ್ಕು ದಶಕಗಳ ಗೌರವ ಫಲಕಗಳು ಯಾರು ಬುದ್ಧಿವಂತರು ಎಂಬುದಕ್ಕಿಂತ ಯಾರಿಗೆ ಬೆಂಚು ಸಿಕ್ಕಿತು ಎಂಬುದರ ದಾಖಲೆ. ಹೆಣ್ಣುಮಕ್ಕಳ ಕಥೆಯೂ ಇದೇ ಜಾತಿಯದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿದ ನಾಡಗೀತೆಯನ್ನು ಬರೆದವರು ಹುಯಿಲಗೋಳ ನಾರಾಯಣರಾಯರು, ಗದುಗಿನ ವಿದ್ಯಾದಾನ ಸಮಿತಿ ಹೈಸ್ಕೂಲಿನ ಮೇಷ್ಟರು. ಅದೇ ಅಧಿವೇಶನದಲ್ಲಿ ಗಾಂಧೀಜಿಯ ಮುಂದೆ ಹಾಡಿದ ಹನ್ನೊಂದು ವರ್ಷದ ಹುಡುಗಿ ಗಂಗೂಬಾಯಿ ಹಾನಗಲ್, ಐದನೆಯ ಇಯತ್ತೆಗೇ ಶಾಲೆ ಮುಗಿಸಿದವಳು. ಊಟದ ಹೊತ್ತಿಗೆ ಜಾತಿಯ ಕಾರಣಕ್ಕೆ ತನ್ನನ್ನು ಬೇರೆ ಕೂರಿಸುತ್ತಾರೇನೋ ಎಂಬ ಅಳುಕು ಅವಳಿಗಿತ್ತು. ಧಾರವಾಡ ಸೀಮೆಯ ಕೀರ್ತಿಯನ್ನು ದೇಶಕ್ಕೆ ಹರಡಿದ ಸಂಗೀತಗಾರರಲ್ಲಿ ಮಲ್ಲಿಕಾರ್ಜುನ ಮನ್ಸೂರರೂ ಹೈಸ್ಕೂಲು ಮುಟ್ಟಿದವರಲ್ಲ. ಭೀಮಸೇನ ಜೋಶಿಯವರು ಗುರುವನ್ನು ಹುಡುಕಿಕೊಂಡು 1933ರಲ್ಲಿ ಮನೆ ಬಿಟ್ಟಾಗ ವಯಸ್ಸು ಹನ್ನೊಂದು, ತಂದೆಯೇ ಶಿಕ್ಷಕರು.

ಒಳಗಿದ್ದವರಿಗೂ ಗೌರವ ಬೇಕಾದ ಹೊತ್ತಿಗೆ ಸಿಕ್ಕಿತೆನ್ನುವ ಹಾಗಿಲ್ಲ. ಬೇಂದ್ರೆಯವರು ಧಾರವಾಡದಲ್ಲಿ 1913ರಲ್ಲಿ ಮೆಟ್ರಿಕ್ ಪಾಸಾಗಿ, ಪುಣೆಯಲ್ಲಿ ಬಿ.ಎ. ಮುಗಿಸಿ ಬಂದು ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮೇಷ್ಟರಾದವರು. ‘ನರಬಲಿ’ ಕವಿತೆಗಾಗಿ 1932ರಲ್ಲಿ ಜೈಲಿಗೆ ಹೋಗಿ ಬಂದ ಮೇಲೆ ವರ್ಷಗಟ್ಟಲೆ ಅವರಿಗೆ ನೆಟ್ಟಗೊಂದು ಕೆಲಸವಿರಲಿಲ್ಲ. ಸ್ಥಿರವಾದ ನೌಕರಿ ದೊರೆತದ್ದು 1944ರಲ್ಲಿ, ಸೊಲ್ಲಾಪುರದ ಕಾಲೇಜಿನಲ್ಲಿ. ಜ್ಞಾನಪೀಠ ಬಂದ ಮೇಲೆ ಶಾಲು ಹೊದಿಸಲು ಊರೆಲ್ಲ ಸಾಲುಗಟ್ಟಿತು. ಸೊಲ್ಲಾಪುರಕ್ಕಿಂತ ಹನ್ನೆರಡು ವರ್ಷ ಮೊದಲೇ ಒಂದು ಮೇಷ್ಟರಿಕೆ ಕೊಟ್ಟಿದ್ದರೆ ಆ ಶಾಲುಗಳಿಗಿಂತ ಅದು ದೊಡ್ಡ ಸನ್ಮಾನವಾಗುತ್ತಿತ್ತು.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮಕ್ಕಳಿಗೆ ಕಣ್ಣೆದುರು ಮಾದರಿ ಬೇಕು, ಇದೇ ಬೆಂಚಿನಲ್ಲಿ ಕೂತವರು ಅಷ್ಟೆತ್ತರಕ್ಕೆ ಹೋದರೆಂದು ತಿಳಿದರೆ ಹುರುಪು ಬರುತ್ತದೆ ಎಂಬುದು ಮೊದಲನೆಯದು. ಒಪ್ಪಿದೆ. ಆದರೆ ಮಾದರಿ ಕೆಲಸ ಮಾಡುವುದು ದಾರಿ ಕಂಡಾಗ. ಹೇಗ್‌ನ ನ್ಯಾಯಪೀಠಕ್ಕೆ ಇಲ್ಲಿಂದ ಹೋಗುವ ದಾರಿ ಒಂಬತ್ತನೆಯ ತರಗತಿಯ ಮಗುವಿಗೆ ಕಾಣದು, ಹೊಸೂರಿನಿಂದ ಬಸವನಗುಡಿಗೆ ನಡೆದ ದಾರಿ ಕಾಣುತ್ತದೆ. ಎರಡನೆಯದು ದುಡ್ಡಿನ ಮಾತು. ಸೋರುವ ಮಾಡು, ಬಾಗಿಲಿಲ್ಲದ ಶೌಚಾಲಯ, ಬೀಗ ಹಾಕಿದ ಪ್ರಯೋಗಾಲಯ ಇವಕ್ಕೆಲ್ಲ ಹಣ ಕೊಡುವವರು ಉಳ್ಳ ಹಳೆಯ ವಿದ್ಯಾರ್ಥಿಗಳೇ, ಅವರಿಗೊಂದು ಪೇಟ ತೊಡಿಸಿದರೆ ತಪ್ಪೇನು? ತಪ್ಪಿಲ್ಲ, ಧಾರಾಳವಾಗಿ ತೊಡಿಸಲಿ, ಆದರೆ ದಾನಿ ಎಂದೇ ತೊಡಿಸಲಿ. ಮರಿಮಲ್ಲಪ್ಪನವರ ಕಾಲದವರಿಗೆ ದಾನಿಯನ್ನು ದಾನಿ ಎನ್ನಲು ಸಂಕೋಚವಿರಲಿಲ್ಲ. ಶಾಲೆ ಬಿಟ್ಟವರನ್ನು ಹೊಗಳಿದರೆ ಮಕ್ಕಳು ಓದು ಬಿಟ್ಟಾರು ಎಂಬ ಇನ್ನೊಂದು ಭಯವನ್ನು ಹೆಡ್‌ಮಾಸ್ಟರುಗಳು ಹೇಳುತ್ತಾರೆ. ಗಂಗೂಬಾಯಿಯವರ ಐದನೆಯ ಇಯತ್ತೆ ಹೊಗಳುವ ವಿಷಯವಲ್ಲ, ವಿಚಾರಿಸುವ ವಿಷಯ. ಅದನ್ನು ಬಚ್ಚಿಟ್ಟರೆ ಇಂದು ಹತ್ತನೆಯ ತರಗತಿಗೆ ಮೊದಲೇ ಮಾಯವಾಗುವ ಹುಡುಗಿಯ ಬಗ್ಗೆಯೂ ಯಾರೂ ಕೇಳುವುದಿಲ್ಲ. ಗಟ್ಟಿಯಾದ ಆಕ್ಷೇಪ ಕೊನೆಯದು: ಶಾಲೆಯ ಪಾಲು ಇಷ್ಟೇ ಎಂದು ಅಳೆಯುವುದು ಹೇಗೆ? ಪಂಜೆ ಮಂಗೇಶರಾಯರು ಮಂಗಳೂರಿನಲ್ಲಿ ಗೋವಿಂದ ಪೈಗಳಿಗೆ ಪಾಠ ಹೇಳಿದವರು. ಪೈಗಳ ಕಾವ್ಯದಲ್ಲಿ ಪಂಜೆಯವರ ಪಾಲನ್ನು ತೂಗಲು ಯಾವ ತಕ್ಕಡಿಯೂ ಇಲ್ಲ. ಇಲ್ಲವೆಂಬುದನ್ನು ಒಪ್ಪಿಕೊಂಡರೂ ಒಂದನ್ನು ಮಾಡಬಹುದು. ಶಿಷ್ಯನ ಹೆಸರಿನ ಎದುರಿಗೆ ಕಲಿಸಿದವರ ಹೆಸರನ್ನೂ ಬರೆಯಬಹುದು. ಹಾಗೆ ಬರೆದ ಫಲಕ ಒಂದಾದರೂ ಇದ್ದರೆ ಅದು ಅಪರೂಪದ್ದೇ ಸರಿ.

ಇದಕ್ಕೆಲ್ಲ ಬೇಕಾದ ದಾಖಲೆ ಹೊರಗೆಲ್ಲೂ ಹುಡುಕಬೇಕಾದದ್ದಲ್ಲ. ಪ್ರತಿ ಹಳೆಯ ಹೈಸ್ಕೂಲಿನ ಬೀರುವಿನಲ್ಲೂ ದಾಖಲಾತಿ ರಿಜಿಸ್ಟರು ಇರುತ್ತದೆ, ಗೆದ್ದಲು ಹಿಡಿಯದಿದ್ದರೆ. ಉದ್ದನೆಯ ಹಾಳೆ, ಬಟ್ಟೆಯ ರಟ್ಟು. ಕ್ರಮಸಂಖ್ಯೆ, ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ತಾರೀಖು, ಸೇರಿದ ದಿನ, ಬಿಟ್ಟ ದಿನ ಎಂಬ ಅಂಕಣಗಳು, ಬಲತುದಿಯಲ್ಲಿ ‘ಶಾಲೆ ಬಿಟ್ಟ ಕಾರಣ’. ಇಂದು ಅದನ್ನು ಮುಟ್ಟುವುದು ಕಳೆದುಹೋದ ಟಿಸಿಯ ನಕಲು ಬೇಕಾದಾಗ ಮಾತ್ರ. ಮೊದಲ ಹುಡುಗಿ ಯಾವ ವರ್ಷ ಸೇರಿದಳು, ಮೊದಲ ದಲಿತ ವಿದ್ಯಾರ್ಥಿ ಎಷ್ಟು ವರ್ಷ ಉಳಿದ, ಯಾವ ಹಳ್ಳಿಯಿಂದ ಮೊದಲ ಹುಡುಗ ಬಂದ, ಎಷ್ಟು ಜನ ಮುಗಿಸದೇ ಹೋದರು ಎಂಬುದೆಲ್ಲ ಅದರಲ್ಲಿದೆ. ಶತಮಾನೋತ್ಸವದ ಸಮಿತಿಯವರಲ್ಲಿ ನನ್ನದೊಂದು ಕೋರಿಕೆ. ಸ್ಮರಣ ಸಂಚಿಕೆಗೆ ಗಣ್ಯರ ಫೋಟೋ ತರಿಸುವ ಮೊದಲು ಆ ರಿಜಿಸ್ಟರನ್ನು ಮೊದಲ ಹಾಳೆಯಿಂದ ಓದಿಸಿ, ಇತಿಹಾಸ ಕಲಿಸುವ ಮೇಷ್ಟರಿಗೂ ಹತ್ತನೆಯ ತರಗತಿಯ ಮಕ್ಕಳಿಗೂ ಆ ಕೆಲಸ ವಹಿಸಿ. ಬದುಕಿರುವವರ ಜಾತಿ, ಜನ್ಮದಿನ ಅಚ್ಚು ಹಾಕುವುದು ಬೇಡ, ಸಂಗತಿಗಳು ಸಾಕು. ಆ ಹಾಳೆಗಳಿಂದ ಹೊರಡುವ ಹೆಸರುಗಳಲ್ಲಿ ಊರಿನಲ್ಲೇ ಉಳಿದವರನ್ನು ಹುಡುಕಿ ಕರೆಸಿ, ವೇದಿಕೆಯ ಮುಂದಿನ ಸಾಲಿನಲ್ಲಿ ಅವರಿಗೂ ಕುರ್ಚಿ ಹಾಕಿಸಿ.