ಕಾಂಪೌಂಡರ್ ಅಂಟಿಸುತ್ತಿದ್ದ ಕಾಗದದ ಪಟ್ಟಿ

ಹಳೇ ಕಾಲದ ಸರ್ಕಾರಿ ಆಸ್ಪತ್ರೆಯ ಕಾಂಪೌಂಡರ್ ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದ್ದಾರೆ? ಶೀಸೆಯನ್ನು ಮನೆಯಿಂದಲೇ ತೊಳೆದು ತೆಗೆದುಕೊಂಡು ಹೋಗಬೇಕಿತ್ತು. ಅವರು ಅದಕ್ಕೆ ಮಿಕ್ಸ್ಚರ್ ತುಂಬಿ, ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯೊಂದನ್ನು ಶೀಸೆಯ ಉದ್ದಕ್ಕೆ ಅಂಟಿಸುತ್ತಿದ್ದರು. ಒಂದು ಹಲ್ಲು ಅಂದರೆ ಒಂದು ಹೊತ್ತಿನ ಔಷಧಿ. ಅಕ್ಷರ ಬಾರದ ಅಜ್ಜಿಗೂ ಅರ್ಥವಾಗುತ್ತಿದ್ದ ಲೇಬಲ್ ಅದು! ಅದು ಹೋದ ಮೇಲೆ ಅದರ ಜಾಗಕ್ಕೆ ಏನು ಬಂತು ಅಂತ ಯೋಚಿಸುತ್ತಾ ಹೊರಟಾಗ ಸಿಕ್ಕಿದ ಕಥೆ ಇದು.

ಆಗಿನ ಔಷಧಿ ಮೂರು ದಿನದ್ದು. ಜ್ವರ ಬಿಟ್ಟರೆ ಶೀಸೆ ಖಾಲಿ, ಅಲ್ಲಿಗೆ ಮುಗಿಯಿತು. ಔಷಧಿಯ ಗುಣಮಟ್ಟ ನೋಡುವ ಕಾನೂನೂ ಇರಲಿಲ್ಲ. ಕರ್ನಲ್ ಚೋಪ್ರಾ ಸಮಿತಿ 1931ರಲ್ಲಿ ವರದಿ ಕೊಟ್ಟಿತು. 1937ರಲ್ಲಿ ಅಮೆರಿಕದಲ್ಲಿ ಸಲ್ಫಾನಿಲಮೈಡ್ ಎಂಬ ಔಷಧಿಯನ್ನು ವಿಷದ ದ್ರಾವಕದಲ್ಲಿ ಕರಗಿಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮಲ್ಲಿ ಕಾಯ್ದೆ ಬಂದದ್ದು 1940ರಲ್ಲಿ, ನಿಯಮಗಳು 1945ರಲ್ಲಿ. ಒಳ್ಳೆಯದೇ ಆಯಿತು. ಆದರೆ ಆ ಕಾನೂನಿನ ಕಣ್ಣು ಕಾರ್ಖಾನೆ ಮತ್ತು ಅಂಗಡಿಯ ಮೇಲೆ. ಮಾತ್ರೆ ಮನೆಯ ಗೋಡೆಗೂಡು ಸೇರಿದ ಮೇಲೆ ಏನಾಗುತ್ತದೆ ಅನ್ನುವುದು ಅದರ ಲೆಕ್ಕದಲ್ಲಿರಲಿಲ್ಲ.

ಅಷ್ಟರಲ್ಲಿ ಔಷಧಿಯ ಸ್ವಭಾವವೇ ಬದಲಾಯಿತು. ಇದರಲ್ಲಿ ನಮ್ಮ ನೆಲದ ಗಿಡವೂ ಒಂದಿದೆ, ಸರ್ಪಗಂಧ. 1949ರಲ್ಲಿ ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ ಅದರಿಂದ ರಕ್ತದೊತ್ತಡ ಇಳಿಯುವುದನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರಿಸರ್ಪೀನ್ ಬೇರ್ಪಡಿಸಿದರು. 1957ರಲ್ಲಿ ಪ್ಯಾರಿಸ್‌ನಲ್ಲಿ ಜಾನ್ ಸ್ಟರ್ನ್ ಎಂಬ ವೈದ್ಯರು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಹೀಗೆ ಸಾಯುವವರೆಗೂ ನುಂಗಬೇಕಾದ ಮಾತ್ರೆಗಳು ಬಂದವು. 1951ರ ಹೊತ್ತಿಗೆ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ, ಈಗ 70ರ ಆಸುಪಾಸು. ಬದುಕು ಉದ್ದವಾಯಿತು, ಮಾತ್ರೆಯ ಸಾಲೂ ಉದ್ದವಾಯಿತು.

ತಮಾಷೆ ನೋಡಿ. 1991ರಲ್ಲಿ ಮಾರ್ಕ್ ಬಿಯರ್ಸ್ ಎಂಬ ಅಮೆರಿಕದ ವೈದ್ಯರು ಮತ್ತು ಜೊತೆಗಾರರು ವಯಸ್ಸಾದವರಿಗೆ ಕೊಡಬಾರದ ಔಷಧಿಗಳ ಪಟ್ಟಿ ಮಾಡಿದರು. ಮುಂದೆ ಪರಿಷ್ಕರಿಸುತ್ತಾ ಹೋದ ಆ ಪಟ್ಟಿಗಳಲ್ಲಿ ಹೆಚ್ಚು ಡೋಸಿನ ರಿಸರ್ಪೀನ್ ಕೂಡ ಇತ್ತು! ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್, ನಿದ್ದೆಗೆಂದು ಕೊಡುವ ಡಯಾಜಿಪಾಮ್, ಸಕ್ಕರೆಯ ಗ್ಲಿಬೆನ್‌ಕ್ಲಮೈಡ್ ಕೂಡ ಇವೆ. ಕಾರಣ ಸರಳ. ವಯಸ್ಸಾದಂತೆ ಮೂತ್ರಪಿಂಡದ ಕೆಲಸ ನಿಧಾನವಾಗುತ್ತದೆ, ಔಷಧಿ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ರಾತ್ರಿ ಎದ್ದಾಗ ತಲೆ ಸುತ್ತಿ ಬೀಳುವುದು, ಸಕ್ಕರೆ ತೀರಾ ಇಳಿದು ಮಾತು ತೊದಲುವುದು... ಇದನ್ನೆಲ್ಲ ನಾವು ‘ವಯಸ್ಸಾಯ್ತಲ್ಲ’ ಅಂತ ಸುಮ್ಮನಾಗಿಬಿಡುತ್ತೇವೆ.

ನಮ್ಮ ಹೊಸ ಅಗ್ರಹಾರದ ಕಡೆಯವರು ಕೆ.ಆರ್.ನಗರಕ್ಕೊಮ್ಮೆ, ಮೈಸೂರಿನ ದೊಡ್ಡಾಸ್ಪತ್ರೆಗೊಮ್ಮೆ, ಊರ ಹತ್ತಿರದ ಡಾಕ್ಟರಿಗೊಮ್ಮೆ ತೋರಿಸುತ್ತಾರೆ. ಮೂರು ಕಡೆಯ ಮಾತ್ರೆಗಳೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ. ನಮ್ಮ ದೊಡ್ಡಮ್ಮನ ಲೆಕ್ಕ ಹೀಗೆ: “ಬೆಳಿಗ್ಗೆಗೆ ಬಿಳೀದು, ರಾತ್ರಿಗೆ ಕೆಂಪುದು ಕಣಪ್ಪ.” ಮುಂದಿನ ತಿಂಗಳು ಬೇರೆ ಕಂಪನಿಯದು ಬಂದರೆ ಬಣ್ಣವೇ ಬೇರೆ. ಒಂದೇ ಔಷಧಿ ಎರಡು ಹೆಸರಲ್ಲಿದ್ದರೆ ಎರಡನ್ನೂ ನುಂಗುವ ಅಪಾಯ. ಬ್ರಾಂಡ್ ಹೆಸರುಗಳನ್ನು ಹಂತಹಂತವಾಗಿ ಬಿಡಬೇಕೆಂದು ಹಾಥಿ ಸಮಿತಿ 1975ರಲ್ಲೇ ಹೇಳಿತ್ತು. ಅದು ಆಗಲಿಲ್ಲ. ಸ್ಟ್ರಿಪ್ ಮೇಲಿನ ಅಕ್ಷರ ಇಂಗ್ಲಿಷ್, ಅದೂ ಇರುವೆ ಸಾಲಿನಷ್ಟು ಸಣ್ಣದು. ಕನ್ನಡ ಚೆನ್ನಾಗಿ ಓದುವ ಹಿರಿಯರೂ ಅಲ್ಲಿ ಅನಕ್ಷರಸ್ಥರೇ.

ಆದರೆ ಇದಕ್ಕೆ ಉತ್ತರವೂ ಮೈಸೂರಿನ ಹತ್ತಿರವೇ ಹುಟ್ಟಿದೆ. 1973ರಲ್ಲಿ ಶುರುವಾದ ಜೆಎಸ್‌ಎಸ್ ಫಾರ್ಮಸಿ ಕಾಲೇಜು, ಔಷಧಿ ತಯಾರಿಸುವುದರ ಜೊತೆಗೆ ರೋಗಿಯ ಪಕ್ಕ ನಿಂತು ಔಷಧಿ ವಿವರಿಸುವ ವಿದ್ಯೆಯನ್ನು 1990ರ ದಶಕದ ಕೊನೆಯಲ್ಲಿ ಕಲಿಸತೊಡಗಿತು. ದೇಶದಲ್ಲಿ ಮೊದಲು ಹೀಗೆ ಮಾಡಿದವರಲ್ಲಿ ಅದೂ ಒಂದು. 2008ರಲ್ಲಿ ದೇಶಕ್ಕೆಲ್ಲ ಫಾರ್ಮ್.ಡಿ. ಪದವಿ ಬಂತು. ಒಂದು ಲೆಕ್ಕದಲ್ಲಿ ಇವರು ಆ ಹಳೇ ಕಾಂಪೌಂಡರ್‌ನ ಓದಿದ ಮೊಮ್ಮಕ್ಕಳು. ಆದರೆ ಹಳ್ಳಿಯ ಮನೆಬಾಗಿಲಿಗೆ ಅವರು ಸಿಗುವುದು ಕಷ್ಟ.

ಹಾಗಾಗಿ ಆ ಕಾಗದದ ಪಟ್ಟಿಯನ್ನು ನಾವೇ ಅಂಟಿಸಬೇಕು. ಹಬ್ಬಕ್ಕೆ ಊರಿಗೆ ಹೋದಾಗ ಚೀಲ ಸುರಿದು ನೋಡಿ. ಅವಧಿ ಮುಗಿದದ್ದು, ಎಂದೋ ನಿಲ್ಲಿಸಲು ಹೇಳಿದ್ದು ಬೇರೆ ಇಡಿ. ಉಳಿದದ್ದಕ್ಕೆ ಯಾವ ಕಾಯಿಲೆಗೆ, ಎಷ್ಟು ಹೊತ್ತಿಗೆ, ಊಟಕ್ಕೆ ಮೊದಲೋ ನಂತರವೋ ಅಂತ ದಪ್ಪ ಕನ್ನಡ ಅಕ್ಷರದಲ್ಲಿ ಬರೆಯಿರಿ. ಓದಲು ಬಾರದಿದ್ದರೆ ಸೂರ್ಯ, ಚಂದ್ರ ಬರೆಯಿರಿ. ಡಾಕ್ಟರ ಹತ್ತಿರ ಹೋಗುವಾಗ ನಾಟಿ ಔಷಧಿಯೂ ಸೇರಿ ಇಡೀ ಚೀಲ ಒಯ್ದು, ‘ಇದರಲ್ಲಿ ಯಾವುದು ಬೇಡ?’ ಅಂತ ಕೇಳಿ. ನೀವಾಗಿ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ.

ಅಂದ ಹಾಗೆ, ಆ ಹಲ್ಲುಪಟ್ಟಿಗೆ ನಿಮ್ಮೂರಲ್ಲಿ ಏನಾದರೂ ಹೆಸರಿತ್ತಾ? ಗೊತ್ತಿದ್ದರೆ ಹೇಳಿ, ಕನ್ನಡಕ್ಕೆ ಒಂದು ಪದವಾದರೂ ಉಳಿಯುತ್ತದೆ.