ಮನೆಬಾಗಿಲಿಗೆ ಬಂದ ಮೊಹರು

ಉಡುಪಿಯಿಂದ ಮಂಗಳೂರಿನತ್ತ ಹೊರಟವರಿಗೆ ಉದ್ಯಾವರ ಇಂದು ಹೆದ್ದಾರಿಯ ಬದಿಯ ಒಂದು ಊರಾಗಿ ಕಾಣುತ್ತದೆ. ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದೆ ಅದು ಆಳುಪ ಅರಸರ ರಾಜಧಾನಿ. ಅಲ್ಲಿನ ಶಿಲಾಶಾಸನಗಳಲ್ಲಿ ರಣಸಾಗರ, ಶ್ವೇತವಾಹನ, ಚಿತ್ರವಾಹನರ ಹೆಸರುಗಳೂ ಅವರ ಕಾಳಗಗಳಲ್ಲಿ ಮಡಿದವರ ಹೆಸರುಗಳೂ ಉಳಿದಿವೆ. ಇದೇ ವಂಶದ ಆಳುವರಸನ ತಾಮ್ರಪಟವೊಂದು ಕಾರ್ಕಳದ ಕಡೆಯ ಬೆಳ್ಮಣ್ಣಿನಲ್ಲಿ ದೊರೆತಿದೆ. ಎಂಟನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ ಆ ತಾಮ್ರಪಟದ ಮುದ್ರೆಯಲ್ಲಿ ಜೋಡಿ ಮೀನುಗಳಿವೆ. ಅರಸನನ್ನು ಕಣ್ಣಾರೆ ಕಾಣದವನಿಗೂ ಆ ಮೀನುಗಳೇ ಪ್ರಮಾಣ. ಆದರೆ ಮುದ್ರೆಯಿಲ್ಲದ ಸಾಮಾನ್ಯನು ಕೊಟ್ಟ ಮಾತು ಅವನದೇ ಎಂದು ಯಾರು ಹೇಳಬೇಕು? ಅವನನ್ನು ಬಲ್ಲವರು ಹೇಳಬೇಕು. ಶಾಸನಗಳ ಕೊನೆಯಲ್ಲಿ ಸಾಕ್ಷಿಗಳ ಹೆಸರು ಬರುವುದು ಇದಕ್ಕಾಗಿಯೇ.

ಊರಿನವರೆಲ್ಲ ಪರಸ್ಪರ ಬಲ್ಲವರಾಗಿದ್ದ ಕಾಲಕ್ಕೆ ಈ ಏರ್ಪಾಡು ಸಾಕಾಗಿತ್ತು. ಊರನ್ನರಿಯದ ಅಧಿಕಾರಿ ಬಂದು ಕುಳಿತಾಗ ತೊಡಕು ಮೊದಲಾಯಿತು. ಬಂಗಾಳದ ಜಂಗೀಪುರದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ 1858ರ ಜುಲೈಯಲ್ಲಿ ರಸ್ತೆಯ ಸಾಮಗ್ರಿ ಒದಗಿಸುವ ರಾಜ್ಯಧರ ಕೊನಾಯ್ ಎಂಬವನೊಡನೆ ಕರಾರು ಮಾಡಿಕೊಂಡ. ಈತ ನಾಳೆ ರುಜು ತನ್ನದಲ್ಲವೆಂದರೇನು ಗತಿ ಎಂಬ ಅಳುಕಿನಿಂದ ಅವನ ಅಂಗೈಗೇ ಮಸಿ ಬಳಿದು ಕಾಗದದ ಮೇಲೆ ಒತ್ತಿಸಿದ. 1877ರ ಹೊತ್ತಿಗೆ ಹೂಗ್ಲಿಯಲ್ಲಿದ್ದಾಗ ಅದೇ ಹರ್ಷೆಲ್ ದಸ್ತಾವೇಜುಗಳ ನೋಂದಣಿಗೂ ಬೆರಳಚ್ಚನ್ನು ತಂದ. ನಾವು ಹೆಬ್ಬೆಟ್ಟಿನವರೆಂದು ಹಗುರವಾಗಿ ಆಡಿಕೊಳ್ಳುತ್ತೇವೆ. ಸುಳ್ಳು ಮಾಡಲು ಅತಿ ಕಷ್ಟವಾದ ರುಜು ಅವರದೇ ಎಂಬುದನ್ನು ಮರೆಯುತ್ತೇವೆ.

ಆದರೆ ಬೆರಳಚ್ಚು ಒಂದನ್ನೇ ಹೇಳುತ್ತದೆ, ಬೆರಳು ಯಾರದೆಂಬುದನ್ನು. ಬೆರಳಿನ ಒಡೆಯನಿಗೆ ಕಾಗದದಲ್ಲಿರುವುದು ತಿಳಿದಿತ್ತೇ ಎಂಬುದನ್ನು ಅದು ಹೇಳಲಾರದು. 1908ರ ನೋಂದಣಿ ಕಾಯಿದೆಯನ್ನು ರಚಿಸಿದವರಿಗೆ ಈ ಭೇದ ಗೊತ್ತಿತ್ತು. ಅದರ 34ನೆಯ ಕಲಮಿನಂತೆ ಪತ್ರವನ್ನು ಬರೆದುಕೊಟ್ಟದ್ದು ನಿಜವೇ ಎಂದು ಅಧಿಕಾರಿ ವಿಚಾರಿಸಬೇಕು. ಎದುರಿಗೆ ನಿಂತವನು ಆ ವ್ಯಕ್ತಿಯೇ ಎಂಬುದನ್ನೂ ಮನಗಾಣಬೇಕು. ಮತ್ತೊಬ್ಬನ ವೇಷದಲ್ಲಿ ಬಂದು ಒಪ್ಪಿದವನಿಗೆ ಏಳು ವರ್ಷದವರೆಗೆ ಸೆರೆಮನೆ. 38ನೆಯ ಕಲಮು ಇನ್ನೂ ಸ್ವಾರಸ್ಯಕರವಾದದ್ದು. ದೇಹದೌರ್ಬಲ್ಯದಿಂದ ಕಚೇರಿಗೆ ಬರಲಾರದವರು, ಸೆರೆಯಲ್ಲಿರುವವರು, ನ್ಯಾಯಾಲಯಕ್ಕೆ ಬರಬೇಕಿಲ್ಲವೆಂದು ಕಾನೂನೇ ವಿನಾಯಿತಿ ಕೊಟ್ಟವರು, ಇವರಿದ್ದಲ್ಲಿಗೆ ಅಧಿಕಾರಿಯೇ ಹೋಗಬೇಕು, ಇಲ್ಲವೆ ವಿಚಾರಣೆಗೆ ಕಮಿಷನ್ ಕಳುಹಿಸಬೇಕು.

ಇಂಥ ಒಂದು ಭೇಟಿಯನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಉದ್ಯಾವರ ಹೊಳೆಯ ಆಚೆಗಿನ ನಮ್ಮ ಬಂಧುಗಳ ಮನೆಯಲ್ಲಿ ದೊಡ್ಡಜ್ಜಿ ಹಾಸಿಗೆ ಹಿಡಿದಿದ್ದರು. ಅವರ ಹೆಸರಿನಲ್ಲಿದ್ದ ಬೆಟ್ಟು ಗದ್ದೆಯ ಮಾರಾಟವಾಗಬೇಕಿತ್ತು. ಪತ್ರಕ್ಕೆ ಅವರ ಹೆಬ್ಬೆಟ್ಟು ಮೊದಲೇ ಬಿದ್ದಿತ್ತು. ಸಬ್ ರಿಜಿಸ್ಟ್ರಾರರು ಬಾಡಿಗೆ ಕಾರಿನಲ್ಲಿ ಬಂದರು; ಜೊತೆಯಲ್ಲಿ ದಪ್ಪ ಪುಸ್ತಕ, ಮಸಿಯ ಡಬ್ಬಿ. ಚಾವಡಿಯಲ್ಲಿ ಎಳನೀರು ಸಿದ್ಧವಾಗಿತ್ತು, ಅವರು ಮುಟ್ಟಲಿಲ್ಲ. ನೆರೆಯ ಇಬ್ಬರು ಹಿರಿಯರು ಇವರೇ ಅವರು ಎಂದು ಗುರುತು ಹೇಳಿದರು. ಆಮೇಲೆ ಅಧಿಕಾರಿ, "ಉಳಿದವರೆಲ್ಲ ಸ್ವಲ್ಪ ಹೊರಗಿರಿ" ಎಂದರು. ಮಕ್ಕಳೆಂದು ನಮ್ಮನ್ನು ಯಾರೂ ಎಬ್ಬಿಸಲಿಲ್ಲ.

ಪತ್ರ ಕನ್ನಡದಲ್ಲಿತ್ತು, ದೊಡ್ಡಜ್ಜಿಗೆ ಬರುತ್ತಿದ್ದುದು ತುಳು ಮಾತ್ರ. ಅಧಿಕಾರಿ ತುಳುವಿನಲ್ಲಿಯೇ ಕೇಳಿದರು: "ಅಮ್ಮಾ, ಯಾವ ಗದ್ದೆ ಕೊಡುತ್ತಿದ್ದೀರಿ? ಅದರ ಮೂಡಣಕ್ಕೆ ಏನಿದೆ, ಪಡುವಣಕ್ಕೆ ಏನಿದೆ?" ಅಜ್ಜಿ ಬೆಟ್ಟು ಗದ್ದೆಯ ಎಲ್ಲೆಗಳನ್ನು ಒಂದೊಂದಾಗಿ ಹೇಳಿ ಸುಮ್ಮನಾದರು. "ಬೈಲು ಗದ್ದೆ?" ಎಂದು ಅಧಿಕಾರಿ ಕೇಳಿದಾಗ, "ಅದನ್ನು ಯಾರು ಕೊಡುತ್ತೇನೆಂದರು?" ಎಂದು ತಲೆ ಎತ್ತಿದರು. ಹೆಬ್ಬೆಟ್ಟು ಅವರದೇ ಆಗಿತ್ತು, ಗುರುತು ಹೇಳಿದವರು ಸತ್ಯವನ್ನೇ ಹೇಳಿದ್ದರು. ಆದರೂ ಪತ್ರ ಅವರದಾಗಿರಲಿಲ್ಲ. ಅಧಿಕಾರಿ ಪುಸ್ತಕ ಮುಚ್ಚಿ ಎದ್ದರು.

ತುಳುನಾಡಿನಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದ್ದದ್ದು ಅಳಿಯಸಂತಾನದ ಕಾರಣದಿಂದ. ಆ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಹರಿಯುತ್ತದೆ. ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಗ್ಸು ಇವರ ಮೊಕದ್ದಮೆಯಲ್ಲಿ 1863ರಲ್ಲಿ ಮದರಾಸು ಹೈಕೋರ್ಟು, ಒಬ್ಬರ ಒತ್ತಾಯಕ್ಕೆ ಕುಟುಂಬದ ಆಸ್ತಿ ಪಾಲಾಗದು ಎಂದು ತೀರ್ಪಿತ್ತಿತು. ಪಾಲು ಕೇಳುವ ಹಕ್ಕನ್ನು ಮದರಾಸಿನ ಶಾಸನಸಭೆ ಕಾಯಿದೆಯ ಮೂಲಕ ಕೊಟ್ಟದ್ದು 1949ರಲ್ಲಿ. ಹೀಗಾಗಿ ಕೊಳ್ಳುವವನು ಜಾಗರೂಕನಾಗಿದ್ದರೆ ಕುಟುಂಬದ ಪ್ರೌಢರೆಲ್ಲರ ರುಜುವನ್ನೂ ಬಯಸುತ್ತಿದ್ದ. ಅವರಲ್ಲಿ ಅರ್ಧ ಮಂದಿ ಮುಂಬಯಿಯ ಹೋಟೆಲುಗಳಲ್ಲಿ. ಆಮೇಲಿನ ತಲೆಮಾರು ಕೊಲ್ಲಿಯ ದೇಶಗಳಲ್ಲಿ. ಅಲ್ಲಿಂದ ಮುಖ್ತ್ಯಾರುನಾಮೆ ಬರಬೇಕು.

ನೋಟರಿ ನಮ್ಮ ಊರಿಗೆ ಪರಿಚಿತನಾದದ್ದು ಬಹುಮಟ್ಟಿಗೆ ಈ ದಾರಿಯಿಂದಲೇ ಎಂದು ನನಗನಿಸುತ್ತದೆ. ಈ ಹುದ್ದೆಗೆ ಭಾರತದಲ್ಲಿದ್ದ ಹಳೆಯ ಮೂಲ ತಮಾಷೆಯದು: ಇಂಗ್ಲೆಂಡಿನ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರ ಅಧೀನದ ಅಧಿಕಾರಿಯೊಬ್ಬನು ಇಲ್ಲಿನ ನೋಟರಿಗಳನ್ನು ನೇಮಿಸುತ್ತಿದ್ದ! 1952ರ ನೋಟರಿಗಳ ಕಾಯಿದೆ ಆ ಅಧಿಕಾರವನ್ನು ನಮ್ಮ ಸರಕಾರಗಳಿಗೆ ತಂದಿತು. ಪರದೇಶದಲ್ಲಿರುವವನ ಮುಖ್ತ್ಯಾರುನಾಮೆ ಅಲ್ಲಿನ ನೋಟರಿಯ ಅಥವಾ ಭಾರತದ ಕಾನ್ಸಲನ ಎದುರು ಆಗಿದ್ದರೆ ಇಲ್ಲಿನ ನೋಂದಣಿ ಕಚೇರಿ ಅದನ್ನು ಮನ್ನಿಸುತ್ತದೆ. ಸ್ಥಿರಾಸ್ತಿಯ ಕ್ರಯಕ್ಕೆ ನೋಟರಿಯ ಮೊಹರು ನೋಂದಣಿಯ ಬದಲಿಯಲ್ಲ ಎಂಬುದನ್ನು ಮಾತ್ರ, ಕೇಳುತ್ತಿರುವವರಲ್ಲಿ ವಕೀಲರಿದ್ದು ಆಕ್ಷೇಪಿಸುವ ಮೊದಲೇ, ಹೇಳಿಬಿಡುತ್ತೇನೆ.

ನೋಟರಿಯೂ ಮನೆಬಾಗಿಲಿಗೆ ಬರಬಲ್ಲ. 1956ರ ನಿಯಮಗಳು ಅವನಿಗೆ ಪ್ರಯಾಣ ಭತ್ಯೆಯನ್ನೂ ಹೇಳಿವೆ. ಇಂದು ಮಣಿಪಾಲದ ಆಸ್ಪತ್ರೆಯ ಹಾಸಿಗೆಯ ಬಳಿ ಪ್ರಮಾಣಪತ್ರಕ್ಕೆ ರುಜು ಬೇಕಾದಾಗ ಮನೆಯವರು ಹುಡುಕುವುದು ಅವನನ್ನೇ. 2001ರಿಂದ ನೋಂದಣಿಗೆ ಭಾವಚಿತ್ರ, ಬೆರಳಚ್ಚು ಎರಡೂ ಕಡ್ಡಾಯ. ಆಧಾರ್ ಚೀಟಿ ಎಲ್ಲರ ಕೈಯಲ್ಲಿದೆ. ಗುರುತು ಹಿಂದೆಂದಿಗಿಂತ ಸುಲಭವಾಗಿದೆ. ಆದರೆ ಚೀಟಿಯ ಮುಖವನ್ನೂ ರೋಗಿಯ ಮುಖವನ್ನೂ ಹೋಲಿಸಿ ನೋಡುವುದು ಅರ್ಧ ನಿಮಿಷದ ಕೆಲಸ. ಮಗನನ್ನು, ಸೊಸೆಯನ್ನು ಕೋಣೆಯಿಂದ ಹೊರಗೆ ಕಳಿಸುವುದಕ್ಕೆ ಬೇಕಾಗುವ ಎದೆಗಾರಿಕೆಯನ್ನು ಯಾವ ಚೀಟಿಯೂ ಕೊಡುವುದಿಲ್ಲ. ಅದೂ ಕಾರಿನ ಬಾಡಿಗೆ, ಸಂಭಾವನೆ ಎರಡನ್ನೂ ಕೊಡುವವರು ಅವರೇ ಆಗಿರುವಾಗ.

ದೊಡ್ಡಜ್ಜಿಯ ಪತ್ರವನ್ನು ಮರಳಿ ಬರೆಸಲು ಒಂದು ತಿಂಗಳು ಹಿಡಿಯಿತು. ಸಬ್ ರಿಜಿಸ್ಟ್ರಾರರು ಎರಡನೆಯ ಸಲ ಬಂದರು. ಎಲ್ಲೆಗಳನ್ನು ಮತ್ತೆ ಮೊದಲಿನಿಂದ ಕೇಳಿದರು. ಅಜ್ಜಿ ಹೆಬ್ಬೆಟ್ಟೊತ್ತಿ ಕೈಯ ಮಸಿಯನ್ನು ಸೆರಗಿಗೆ ಒರಸಿಕೊಂಡು, ಇನ್ನಾದರೂ ಎಳನೀರು ಕುಡಿಯಿರಿ ಎಂದರು. ಅಂದು ಅವರು ಕುಡಿದರು. ಬೈಲು ಗದ್ದೆಯಲ್ಲಿ ಆ ವರ್ಷವೂ ಅಜ್ಜಿಯ ಮನೆಯವರೇ ಏಣೆಲು ಬೆಳೆ ತೆಗೆದರು.