ಇಚ್ಛಾಪರಿಮಾಣ ಮತ್ತು ಪ್ರೇಮಚಂದ ರಾಯಚಂದರ ವಾಣಿಜ್ಯ ಜೀವನ

ಗೃಹಸ್ಥ ಶ್ರಾವಕನಿಗೆ ಅರ್ಥಾರ್ಜನೆ ನಿಷಿದ್ಧವಲ್ಲ. ವ್ಯಾಪಾರವನ್ನು ತ್ಯಜಿಸೆಂದು ಜೈನಾಚಾರ್ಯರು ಅವನಿಗೆ ಬೋಧಿಸಲಿಲ್ಲ. ಅದಕ್ಕೊಂದು ಅಳತೆಯಿರಲಿ ಎಂದು ಬೋಧಿಸಿದರು. ಆ ಅಳತೆಯ ಹೆಸರೇ ಪರಿಗ್ರಹ ಪರಿಮಾಣ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಇದನ್ನೇ ಇಚ್ಛಾಪರಿಮಾಣವೆಂದೂ ಕರೆದಿದ್ದಾರೆ. ಮಿತಿ ಹಾಕಬೇಕಾದದ್ದು ಪೆಟ್ಟಿಗೆಗೆ ಮಾತ್ರವಲ್ಲ, ಬಯಕೆಗೂ ಎಂಬ ಅರ್ಥ ಆ ಹೆಸರಿನಲ್ಲಿಯೇ ಅಡಗಿದೆ. ಕೂಡುಬಂಡವಾಳದ ಕಂಪನಿಗಳೂ ಬ್ಯಾಂಕುಗಳೂ ಇಲ್ಲದ ಕಾಲದಲ್ಲಿ ರೂಪುಗೊಂಡ ಈ ವ್ರತ, ಪರರ ಹಣವೇ ಬಂಡವಾಳವಾಗಿರುವ ಆಧುನಿಕ ವಾಣಿಜ್ಯಕ್ಕೆ ಅನ್ವಯಿಸುವುದೇ ಎಂಬ ಪ್ರಶ್ನೆಗೆ ಉತ್ತರವನ್ನು ತರ್ಕಕ್ಕಿಂತ ಇತಿಹಾಸದಲ್ಲಿ ಹುಡುಕುವುದು ಲೇಸು. ಹತ್ತೊಂಬತ್ತನೆಯ ಶತಮಾನದ ಮುಂಬಯಿಯ ಶ್ರೇಷ್ಠಿ ಪ್ರೇಮಚಂದ ರಾಯಚಂದರ ಜೀವನ ಇದಕ್ಕೆ ಉತ್ತಮ ನಿದರ್ಶನ. ಜೈನ ಸಮಾಜವು ಅವರನ್ನು ದಾನಿಯೆಂದು ಸ್ಮರಿಸುತ್ತದೆ. ಅರ್ಥಶಾಸ್ತ್ರದ ಇತಿಹಾಸಕಾರರು 1865ರ ಕುಸಿತದ ಪ್ರಮುಖ ಪಾತ್ರಧಾರಿಯೆಂದು ಸ್ಮರಿಸುತ್ತಾರೆ. ಎರಡೂ ಸತ್ಯವೇ. ಒಂದನ್ನು ಮುಚ್ಚಿ ಇನ್ನೊಂದನ್ನು ಹೇಳುವುದು ಅನೇಕಾಂತ ದೃಷ್ಟಿಗೆ ಒಪ್ಪುವ ಮಾತಲ್ಲ.

ಪ್ರೇಮಚಂದರು 1831ರಲ್ಲಿ ಸೂರತ್ತಿನ ಶ್ವೇತಾಂಬರ ಓಸವಾಲ ಮನೆತನದಲ್ಲಿ ಜನಿಸಿದರು. ತಂದೆ ರಾಯಚಂದ ದೀಪಚಂದರು ಮುಂಬಯಿಗೆ ಬಂದು ನೆಲೆಸಿದ ವ್ಯಾಪಾರಿ. ಬಾಲಕನಿಗೆ ಇಂಗ್ಲಿಷ್ ವಿದ್ಯಾಭ್ಯಾಸ ದೊರೆಯಿತು. ಆ ಕಾಲದ ದೇಶೀ ದಲಾಲರಲ್ಲಿ ಇದು ಅಪರೂಪವಾಗಿತ್ತು. 1849ರಲ್ಲಿ ಅವರು ದಲಾಲ ರತನಚಂದ ಲಾಲಾ ಅವರ ಬಳಿ ಸಹಾಯಕರಾಗಿ ಸೇರಿದರು. ಯುರೋಪಿಯನ್ ಬ್ಯಾಂಕುಗಳಿಗೂ ದೇಶೀ ವರ್ತಕರಿಗೂ ನಡುವೆ ಮಾತಿನ ಸೇತುವೆಯಾಗುವುದೇ ಅವರ ಮೊದಲ ಕಾರ್ಯ. ಇಲ್ಲಿ ಅವರ ಬಂಡವಾಳ ಹಣವಲ್ಲ. ಭಾಷೆ, ನೆನಪು ಮತ್ತು ನಂಬಿಕೆ. ಮುಂದೆ ಸ್ವತಂತ್ರ ದಲಾಲರಾದಾಗಲೂ ಅವರ ಮಾತಿಗೆ ಪೇಟೆಯಲ್ಲಿ ಬರಹದಷ್ಟೇ ಬೆಲೆಯಿತ್ತು. ದಲಾಲನ ಧರ್ಮ ಸರಳವಾದದ್ದು: ಕೊಡುವವನಿಗೂ ಕೊಳ್ಳುವವನಿಗೂ ಸುಳ್ಳಾಡದೆ ತನ್ನ ದಲಾಲಿಯನ್ನಷ್ಟೇ ಪಡೆಯುವುದು. ಆ ಪಾತ್ರದಲ್ಲಿ ಪ್ರೇಮಚಂದರು ಬಲು ಯಶಸ್ವಿಯಾದರು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ದಕ್ಷಿಣದ ಬಂದರುಗಳಿಗೆ ಉತ್ತರದ ನೌಕಾಪಡೆ ದಿಗ್ಬಂಧನ ಹಾಕಿದ್ದರಿಂದ ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿ ದೊರೆಯದಾಯಿತು. ಅವರ ದೃಷ್ಟಿ ಭಾರತದತ್ತ ತಿರುಗಿತು. ಹತ್ತಿಯ ಬೆಲೆ ಹಲವು ಪಟ್ಟು ಏರಿತು. ಈ ಅಲೆ ಕನ್ನಡ ನಾಡನ್ನೂ ತಟ್ಟಿತು. ಧಾರವಾಡ, ಹುಬ್ಬಳ್ಳಿ, ಗದಗುಗಳ ಕಪ್ಪು ನೆಲದಲ್ಲಿ ಬೆಳೆಯುತ್ತಿದ್ದ ‘ಧಾರವಾಡ-ಅಮೆರಿಕನ್’ ಹತ್ತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದುದರ ಹಿಂದೆ, ಕಾರವಾರವನ್ನು ಈ ಹತ್ತಿಯ ಬಂದರನ್ನಾಗಿ ಬೆಳೆಸುವ ಉದ್ದೇಶವೂ ಇತ್ತು. ಯುದ್ಧದ ವರ್ಷಗಳಲ್ಲಿ ಮುಂಬಯಿಗೆ ವಾಡಿಕೆಗಿಂತ ಹೆಚ್ಚುವರಿಯಾಗಿ ಹರಿದುಬಂದ ಹಣ ಸುಮಾರು 7 ಕೋಟಿ ಪೌಂಡುಗಳಿಗೂ ಮಿಗಿಲೆಂದು ಅಂದಾಜು.

ಬಂದ ಹಣಕ್ಕೆ ತಕ್ಕ ಉದ್ಯೋಗವಿರಲಿಲ್ಲ. ಆದುದರಿಂದ ಹಣವು ಹಣವನ್ನೇ ಹೆರುವ ಉಪಾಯಗಳನ್ನು ಹುಡುಕಿತು. 1865ರ ಜನವರಿಯ ಹೊತ್ತಿಗೆ ಮುಂಬಯಿಯಲ್ಲಿ 31 ಬ್ಯಾಂಕುಗಳು, 16 ಹಣಕಾಸು ಸಂಘಗಳು, 8 ಭೂ ಕಂಪನಿಗಳು, 20 ವಿಮಾ ಕಂಪನಿಗಳು ತಲೆಯೆತ್ತಿದ್ದವು. ಇವುಗಳ ಪೈಕಿ ಏಷಿಯಾಟಿಕ್ ಬ್ಯಾಂಕಿಂಗ್ ಕಾರ್ಪೊರೇಷನ್ನಿನ ಪ್ರಮುಖ ಪ್ರವರ್ತಕರು ಪ್ರೇಮಚಂದರು. ಸಮುದ್ರವನ್ನು ತುಂಬಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯಲ್ಲಿಯೂ ಅವರದೇ ಮುಂದಾಳತ್ವ. ಆ ಕಂಪನಿಯ 5,000 ರೂಪಾಯಿಯ ಷೇರು ಒಂದು ಹಂತದಲ್ಲಿ 50,000 ರೂಪಾಯಿಯವರೆಗೆ ಏರಿತು. ಸಮುದ್ರ ಇನ್ನೂ ಸಮುದ್ರವಾಗಿಯೇ ಇದ್ದಾಗ ಅದರ ಬೆಲೆ ನೆಲದ ಬೆಲೆಯನ್ನು ಮೀರಿತ್ತು!

ಇಲ್ಲಿಂದ ಮುಂದೆ ಗಮನಿಸಬೇಕಾದದ್ದು ಪಾತ್ರಗಳ ಬದಲಾವಣೆಯನ್ನು. ದಲಾಲರಾಗಿದ್ದ ಪ್ರೇಮಚಂದರು ಹತ್ತಿಯ ವರ್ತಕರಾದರು, ಬಳಿಕ ಕಂಪನಿಗಳ ಪ್ರವರ್ತಕರಾದರು, ಆಮೇಲೆ ಬ್ಯಾಂಕುಗಳ ಸಲಹೆಗಾರರಾದರು. ಒಂದು ಪಾತ್ರವನ್ನು ಬಿಟ್ಟು ಇನ್ನೊಂದನ್ನು ಹಿಡಿದಿದ್ದರೆ ಅಪಾಯವಿರಲಿಲ್ಲ. ಅವರು ಹಳೆಯದನ್ನು ಬಿಡದೆಯೇ ಹೊಸದನ್ನು ಸೇರಿಸಿಕೊಳ್ಳುತ್ತ ಹೋದರು. 1840ರಲ್ಲಿ ಸ್ಥಾಪಿತವಾಗಿ, ಸರ್ಕಾರವೇ ಷೇರುದಾರನಾಗಿದ್ದ ಬ್ಯಾಂಕ್ ಆಫ್ ಬಾಂಬೆಯ ಸನದು 1863ರಲ್ಲಿ ತಿದ್ದುಪಡಿಯಾಯಿತು. ಹಳೆಯ ಕಟ್ಟುಪಾಡುಗಳು ಸಡಿಲಗೊಂಡು, ಷೇರುಗಳ ಒತ್ತೆಯ ಮೇಲೆ ಸಾಲ ಕೊಡಲು ದಾರಿ ತೆರೆಯಿತು. ಆ ಬ್ಯಾಂಕಿನ ಕಾರ್ಯದರ್ಶಿಯ ಮೇಲೆ ಪ್ರೇಮಚಂದರಿಗೆ ಅಪಾರ ಪ್ರಭಾವವಿತ್ತು; ಅವರ ಶಿಫಾರಸಿದ್ದರೆ ಸಾಲ ಸುಲಭ. ಹೀಗೆ ಕಂಪನಿಯನ್ನು ಹುಟ್ಟಿಸುವವರು, ಅದರ ಷೇರನ್ನು ಮಾರುವವರು, ಆ ಷೇರಿನ ಒತ್ತೆಗೆ ಸಾಲ ಕೊಡಿಸುವವರು, ಸ್ವತಃ ಸಾಲ ಪಡೆಯುವವರು ಎಲ್ಲರೂ ಒಬ್ಬರೇ ಆದರು. ತಕ್ಕಡಿಯ ಎರಡೂ ತಟ್ಟೆಗಳನ್ನು ಒಂದೇ ಕೈ ಹಿಡಿದರೆ ಮುಳ್ಳು ಸತ್ಯವನ್ನು ತೋರಿಸುವುದೆಂತು?

ಇದರ ಒಳಗುಟ್ಟನ್ನು ಲೆಕ್ಕ ಬಲ್ಲವರು ಸುಲಭವಾಗಿ ಗ್ರಹಿಸಬಲ್ಲರು. ಸಾಲದ ಹಣದಿಂದ ಷೇರು ಕೊಂಡರೆ ಷೇರಿನ ಬೆಲೆ ಏರುತ್ತದೆ. ಬೆಲೆ ಏರಿದ ಷೇರನ್ನು ಒತ್ತೆಯಿಟ್ಟರೆ ಇನ್ನಷ್ಟು ಸಾಲ ದೊರೆಯುತ್ತದೆ. ಕಾಗದದ ಮೇಲೆ ಎಲ್ಲರೂ ಶ್ರೀಮಂತರು. ಆದರೆ ಒತ್ತೆಯ ಬೆಲೆಗೆ ಆಧಾರ ಸಾಲ, ಸಾಲಕ್ಕೆ ಆಧಾರ ಒತ್ತೆ. ಇವೆರಡರ ಕೆಳಗೆ ನೆಲವಿಲ್ಲ. 1865ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ ಸುದ್ದಿ ಮುಂಬಯಿಗೆ ಮುಟ್ಟಿದಾಗ ಹತ್ತಿಯ ಬೆಲೆ ಕುಸಿಯಿತು. ವಾಯಿದೆ ವ್ಯಾಪಾರಗಳ ಲೆಕ್ಕ ಚುಕ್ತಾ ಆಗಬೇಕಾಗಿದ್ದ ಜುಲೈ 1ರಂದು ಕೊಡಬೇಕಾದವರ ಕೈಯಲ್ಲಿ ಹಣವಿರಲಿಲ್ಲ. ಬ್ಯಾಕ್ ಬೇ ಷೇರು 2,000 ರೂಪಾಯಿಗಿಂತ ಕೆಳಗಿಳಿಯಿತು. 2,850 ರೂಪಾಯಿಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆ ಷೇರು 87 ರೂಪಾಯಿಗೆ ಬಂತು. 1866ರ ಮೇ ತಿಂಗಳಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಸಂಸ್ಥೆ ಮುರಿದುಬಿದ್ದುದು ಉರಿಯುವ ಮನೆಗೆ ಗಾಳಿ ಬೀಸಿದಂತಾಯಿತು. ಅದೇ ವರ್ಷ ಏಷಿಯಾಟಿಕ್ ಬ್ಯಾಂಕೂ ಮುಳುಗಿತು, ಪ್ರೇಮಚಂದರೂ ದಿವಾಳಿಯಾದರು. 1868ರಲ್ಲಿ ಹಳೆಯ ಬ್ಯಾಂಕ್ ಆಫ್ ಬಾಂಬೆಯನ್ನು ಮುಚ್ಚಿ ಅದೇ ಹೆಸರಿನಿಂದ ಹೊಸ ಬ್ಯಾಂಕನ್ನು ಸ್ಥಾಪಿಸಬೇಕಾಯಿತು.

ಸರ್ ಚಾರ್ಲ್ಸ್ ಜಾಕ್ಸನ್ ಅವರ ನೇತೃತ್ವದ ಆಯೋಗ ಈ ಪತನದ ವಿಚಾರಣೆ ನಡೆಸಿತು. ಸನದಿನ ಸಡಿಲಿಕೆ, ಕಾರ್ಯದರ್ಶಿಗಳ ದೌರ್ಬಲ್ಯ, ನಿರ್ದೇಶಕರ ಅಲಕ್ಷ್ಯ, ಕಾಲದ ಅಸಾಮಾನ್ಯತೆ ಇವು ಅದು ಗುರುತಿಸಿದ ಕಾರಣಗಳಲ್ಲಿ ಮುಖ್ಯವಾದವು. ಎಲ್ಲ ದೋಷವನ್ನೂ ಪ್ರೇಮಚಂದರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂಬುದು ಇದರಿಂದ ಸ್ಪಷ್ಟ. ಕಾವಲಿಗಿದ್ದವರು ನಿದ್ರಿಸಿದರು. ಆದರೆ ಕಾವಲುಗಾರನ ನಿದ್ರೆ ಇತರರ ಕರ್ತವ್ಯಕ್ಕೆ ವಿನಾಯಿತಿಯಾಗದು. ನಷ್ಟ ಹೊತ್ತವರಲ್ಲಿ ಸಟ್ಟಾ ಆಡಿದವರಷ್ಟೇ ಅಲ್ಲ, ಸರ್ಕಾರದ ಪಾಲಿರುವ ಬ್ಯಾಂಕೆಂದು ನಂಬಿ ಷೇರು ಹಿಡಿದವರೂ ಇದ್ದರು.

ಶ್ರಾವಕಾಚಾರದ ಬೆಳಕಿನಲ್ಲಿ ಈ ವೃತ್ತಾಂತವನ್ನು ನೋಡಿದರೆ ಹಳೆಯ ಮಾತುಗಳಿಗೆ ಹೊಸ ಅರ್ಥ ಬರುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ‘ನ್ಯಾಸಾಪಹಾರ’ ಒಂದು; ಇಟ್ಟ ನ್ಯಾಸವನ್ನು ಅಪಹರಿಸುವುದು ಎಂದರ್ಥ. ಬ್ಯಾಂಕಿನ ಹಣವೆಲ್ಲವೂ ನ್ಯಾಸವೇ. ಅದನ್ನು ಕದಿಯದಿದ್ದರೂ ಆಧಾರವಿಲ್ಲದ ಕಡೆ ಹರಿಯಬಿಟ್ಟರೆ ಇಟ್ಟವನಿಗೆ ಆಗುವ ಫಲ ಒಂದೇ. ಪರಿಗ್ರಹ ಪರಿಮಾಣದ ಅತಿಚಾರಗಳಾಗಿ ಸಮಂತಭದ್ರರು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ ಎಂಬ ಐದನ್ನು ಹೇಳಿದ್ದಾರೆ. ಪರರ ಲಾಭವನ್ನು ಕಂಡು ಮನಸ್ಸು ಕಲಕುವುದೇ ವಿಸ್ಮಯ. 1864ರ ಮುಂಬಯಿಯನ್ನು ಈ ಒಂದು ಪದಕ್ಕಿಂತ ಚೆನ್ನಾಗಿ ಯಾವ ಅರ್ಥಶಾಸ್ತ್ರಜ್ಞನೂ ವರ್ಣಿಸಲಾರ. ಎತ್ತಿನ ಮೇಲೆ ಅತಿಭಾರ ಹೇರುವುದು ದೋಷವಾದರೆ, ತೆಳುವಾದ ಬಂಡವಾಳದ ಮೇಲೆ ಅತಿಯಾದ ಸಾಲವನ್ನು ಹೇರುವುದು ದೋಷವಲ್ಲವೆ? ಇನ್ನೊಂದು ಮಾತು. ಪರಿಮಾಣವನ್ನು ಲಾಭ ಬರುವ ಮೊದಲೇ ನಿಶ್ಚಯಿಸಬೇಕು. ಬೆಲೆ ಏರುತ್ತಿರುವಾಗ ಹಾಕಿಕೊಂಡ ಮಿತಿ ಮಾರನೆಯ ದಿನವೇ ಸರಿಯುತ್ತದೆ.

ಹಾಗಾದರೆ ದಾನದ ವಿಷಯವೇನು? 1864ರಲ್ಲಿ ಪ್ರೇಮಚಂದರು ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ 2 ಲಕ್ಷ ರೂಪಾಯಿಯನ್ನೂ, ತಾಯಿ ರಾಜಾಬಾಯಿಯವರ ಹೆಸರಿನ ಗಡಿಯಾರ ಗೋಪುರಕ್ಕೆ ಮತ್ತೆ 2 ಲಕ್ಷವನ್ನೂ ನೀಡಿದರು. ಕಣ್ಣು ಕಾಣದ ಆ ತಾಯಿಗೆ ಸೂರ್ಯಾಸ್ತಕ್ಕೆ ಮುನ್ನ ಆಹಾರ ಮುಗಿಸುವ ನಿಯಮಪಾಲನೆಗೆ ಗಂಟೆಯ ನಾದ ನೆರವಾಗಲೆಂದು ಗೋಪುರ ಕಟ್ಟಿಸಿದರೆಂಬ ಮಾತು ಜನಜನಿತವಾಗಿದೆ. 1869ರಲ್ಲಿ ಅಡಿಗಲ್ಲು ಬಿದ್ದು 1878ರಲ್ಲಿ ಕಟ್ಟಡ ಪೂರ್ಣವಾಯಿತು. ದಾನಿಯು ದಿವಾಳಿಯಾದ ಮೇಲೂ ದಾನದ ಹಣ ಬಡ್ಡಿಯೊಡನೆ ಬೆಳೆದು ಕೆಲಸ ಮುಗಿಸಿತು. ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಅವರು ಕೊಟ್ಟ ಹಣದಿಂದ ನಡೆದ ವಿದ್ಯಾರ್ಥಿವೇತನವನ್ನು ಅಶುತೋಷ ಮುಖರ್ಜಿ, ಇತಿಹಾಸಕಾರ ಜದುನಾಥ ಸರ್ಕಾರ್ ಮೊದಲಾದವರು ಪಡೆದರು. ಇಟ್ಟುಕೊಂಡದ್ದೆಲ್ಲ ಕರಗಿತು, ಕೊಟ್ಟದ್ದು ಉಳಿಯಿತು. ಇದು ದಾನಮಹಿಮೆ ನಿಜ. ಆದರೆ ದಾನವು ಅರ್ಜನೆಯ ದೋಷವನ್ನು ತೊಳೆಯುವ ತೀರ್ಥವಲ್ಲ. ಜಮೆಯ ಪುಟದ ತಪ್ಪನ್ನು ಖರ್ಚಿನ ಪುಟದಲ್ಲಿ ತಿದ್ದಲಾಗದು. ಗೋಪುರಕ್ಕೆ ನಮಿಸುವ ಸಮಾಜವು ಬ್ಯಾಂಕಿನ ಕಥೆಯನ್ನೂ ಮಕ್ಕಳಿಗೆ ಹೇಳಬೇಕು.

ಪತನದ ನಂತರದ ನಾಲ್ಕು ದಶಕಗಳು ಅವರ ಜೀವನದ ಅತ್ಯಂತ ಬೋಧಪ್ರದ ಭಾಗ. ಅವರು ತಮ್ಮ ಮೊದಲ ಪಾತ್ರಕ್ಕೇ ಮರಳಿದರು. ದಲಾಲಿಯಿಂದ ಮತ್ತೆ ಬದುಕು ಕಟ್ಟಿದರು. 1875ರಲ್ಲಿ ಮುಂಬಯಿಯ ದೇಶೀ ಷೇರು ದಲಾಲರು ಸಂಘವೊಂದನ್ನು ಸ್ಥಾಪಿಸಿದಾಗ ಅದರ ಸ್ಥಾಪಕರಲ್ಲಿ ಪ್ರೇಮಚಂದರೂ ಒಬ್ಬರು. ಆ ಸಂಘವೇ ಇಂದಿನ ಮುಂಬಯಿ ಷೇರು ವಿನಿಮಯ ಕೇಂದ್ರ. ಕಟ್ಟುಪಾಡಿಲ್ಲದ ಪೇಟೆಯಲ್ಲಿ ಬಿದ್ದವರು ಪೇಟೆಗೆ ಕಟ್ಟುಪಾಡು ಮಾಡುವ ಸಂಸ್ಥೆಯನ್ನು ಕಟ್ಟಲು ಕೈಜೋಡಿಸಿದರು. 1906ರಲ್ಲಿ ಅವರು ನಿಧನರಾದಾಗ ಪೇಟೆಯ ಗೌರವವನ್ನು ಮರಳಿ ಗಳಿಸಿದ್ದರು.

ಅಂದು ಮುಂಬಯಿ ಕಲಿತ ಪಾಠವನ್ನು ಕಾನೂನು ಬರೆದಿಟ್ಟುಕೊಳ್ಳಲು ಬಹುಕಾಲ ಹಿಡಿಯಿತು. ಬ್ಯಾಂಕು ತನ್ನದೇ ಷೇರಿನ ಒತ್ತೆಯ ಮೇಲೆ ಸಾಲ ಕೊಡಕೂಡದು, ತನ್ನ ನಿರ್ದೇಶಕರಿಗೆ ಭದ್ರತೆಯಿಲ್ಲದ ಸಾಲ ಕೊಡಕೂಡದು ಎಂದು 1949ರ ಬ್ಯಾಂಕಿಂಗ್ ಕಾಯಿದೆ ವಿಧಿಸಿತು. ಆದರೂ 1992ರಲ್ಲಿ ಬ್ಯಾಂಕುಗಳ ಹಣ ದಲಾಲರ ಮೂಲಕ ಷೇರುಪೇಟೆಗೆ ಹರಿದು ಮತ್ತೊಮ್ಮೆ ಹಗರಣವಾಯಿತು. 2013ರ ಕಂಪನಿ ಕಾಯಿದೆ ಸಂಬಂಧಿತರೊಡನೆ ಕಂಪನಿ ನಡೆಸುವ ವ್ಯವಹಾರಗಳಿಗೆ ಮಂಡಳಿಯ ಒಪ್ಪಿಗೆಯ ನಿರ್ಬಂಧವನ್ನು ವಿಧಿಸಿದೆ. ಕಾನೂನು ಬೇಲಿ, ವ್ರತ ಬೇರು. ಬೇಲಿಯನ್ನು ಹಾರುವ ಉಪಾಯ ಪ್ರತಿ ಪೀಳಿಗೆಗೂ ತಿಳಿದಿರುತ್ತದೆ.

ಇಂದು ಜೈನ ತರುಣ ತರುಣಿಯರು ಅನೇಕರು ಕಂಪನಿಗಳ ಹಣಕಾಸು ವಿಭಾಗಗಳಲ್ಲಿ ದುಡಿಯುತ್ತಿದ್ದಾರೆ. ಲೆಕ್ಕ ಬರೆಯುವವನು ಮುಂದೆ ಲೆಕ್ಕ ಪರಿಶೋಧಕನಾಗುತ್ತಾನೆ, ಸಾಲ ಕೇಳುವವನು ಸಾಲ ಮಂಜೂರು ಮಾಡುವವನಾಗುತ್ತಾನೆ, ನೌಕರನು ನಿರ್ದೇಶಕನಾಗುತ್ತಾನೆ. ಪ್ರತಿ ಪಾತ್ರಕ್ಕೂ ಅದರದೇ ಧರ್ಮವಿದೆ. ಹೊಸ ಕುರ್ಚಿಯಲ್ಲಿ ಕುಳಿತಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು: ಈ ಹಣ ಯಾರದು? ಹಳೆಯ ಪಾತ್ರದ ಯಾವ ಸ್ವಾರ್ಥ ಇನ್ನೂ ಕೈಯಲ್ಲಿ ಉಳಿದಿದೆ? ಸಾಕು ಎಂಬ ಗೆರೆಯನ್ನು ಎಲ್ಲಿ ಎಳೆದದ್ದಾಗಿದೆ? ಈ ಮೂರಕ್ಕೂ ನೇರವಾದ ಉತ್ತರ ಕೊಡಬಲ್ಲವನ ಲೆಕ್ಕದ ಪುಸ್ತಕ ಪೇಟೆ ಏರಿದಾಗಲೂ ಇಳಿದಾಗಲೂ ತೆರೆದಿಡಲು ಯೋಗ್ಯವಾಗಿರುತ್ತದೆ.